ಜೋಡಿ ಹುಡುಕಿದ ಸೋಮವಾರ

ಸೊಲ್ಲಾಪುರದ ಟೆನಿಸ್ ಟೂರ್ನಿಯಲ್ಲಿ ನನ್ನ ಜೊತೆ ಡಬಲ್ಸ್ ಆಡಬೇಕಿದ್ದ ಹುಡುಗಿಗೆ ಸೋಮವಾರ ಬೆಳಿಗ್ಗೆ ಜ್ವರ. ಎರಡು ರಗ್ಗು ಹೊದ್ದುಕೊಂಡರೂ ನಡುಗುತ್ತಿದ್ದಳು. "ಸಾರಿ ಕಣೇ, ಎದ್ದು ನಿಲ್ಲಕ್ಕೂ ಆಗ್ತಿಲ್ಲ" ಅಂದಳು. "ಸುಮ್ನೆ ಮಲಕ್ಕೋ" ಅಂದು, ಮಾತ್ರೆ, ನೀರಿನ ಬಾಟಲಿ ಪಕ್ಕದಲ್ಲಿಟ್ಟು ಕೋರ್ಟಿಗೆ ಓಡಿದೆ. ಡಬಲ್ಸ್‌ಗೆ ಹೆಸರು ಬರೆಸುವ ಸೈನ್-ಇನ್ ಮುಗಿಯುವುದರೊಳಗೆ ಬೇರೆ ಜೋಡಿ ಸಿಗದಿದ್ದರೆ ನನ್ನ ವಾರ ಅಲ್ಲಿಗೆ ಮುಗಿಯಿತು. ಸಿಂಗಲ್ಸ್ ಅರ್ಹತಾ ಸುತ್ತಿನಲ್ಲಿ ಹಿಂದಿನ ದಿನವೇ ಸೋತಿದ್ದೆ.

ಯಾರೋ ಒಬ್ಬಳು ಸಿಕ್ಕರೆ ಸಾಲದು. ಇಬ್ಬರ ರ‍್ಯಾಂಕಿಂಗ್ ಕೂಡಿಸಿ ನೋಡುತ್ತಾರೆ. ಮೊತ್ತ ಕಡಿಮೆ ಇರುವ ಜೋಡಿಗಳಿಗೆ ಮೊದಲು ಜಾಗ. ಡ್ರಾದಲ್ಲಿ, ಅಂದರೆ ಯಾರಿಗೆ ಯಾರು ಎದುರಾಳಿ ಅನ್ನುವ ಪಟ್ಟಿಯಲ್ಲಿ, ಇರುವುದೇ 16 ಜೋಡಿ. ಸಿಂಗಲ್ಸ್, ಡಬಲ್ಸ್ ಎರಡರಲ್ಲಿ ಯಾವ ರ‍್ಯಾಂಕ್ ಚೆನ್ನಾಗಿದೆಯೋ ಅದನ್ನು ಕೊಡಬಹುದು. ಹಾಗಾಗಿ ಸಿಂಗಲ್ಸ್‌ನಲ್ಲಿ ಮೇಲಿರುವವರು ಡಬಲ್ಸ್‌ಗೂ ಸಲೀಸಾಗಿ ಬಂದುಬಿಡುತ್ತಾರೆ. ನಮ್ಮಂಥವರು ಫೋನ್ ಹಿಡಿದು ಕೂಡಿಸುತ್ತಾ, ಒಬ್ಬೊಬ್ಬರನ್ನೇ ಕೇಳುತ್ತಾ ಓಡಾಡಬೇಕು. "ನಿನಗೆ ಜೋಡಿ ಇದೆಯಾ?" ಅಂತ ಅಪರಿಚಿತರನ್ನು ಕೇಳುವುದು ಎಷ್ಟು ವರ್ಷ ಆದರೂ ಅಭ್ಯಾಸ ಆಗಲ್ಲ. ಕೆಲವರು ನಗುತ್ತಲೇ ಇಲ್ಲ ಅನ್ನುತ್ತಾರೆ. ಕೆಲವರು ಮೊದಲು ನಿನ್ನ ರ‍್ಯಾಂಕ್ ಎಷ್ಟು ಅಂತ ಕೇಳುತ್ತಾರೆ.

ಪ್ರಾಕ್ಟೀಸ್ ಕೋರ್ಟ್‌ನ ಕೊನೆಯಲ್ಲಿ ಥಾಯ್ಲೆಂಡ್‌ನ ಹುಡುಗಿಯೊಬ್ಬಳು ಒಬ್ಬಳೇ ಸರ್ವ್ ಹೊಡೆಯುತ್ತಿದ್ದಳು. ಪ್ರತಿ ಸರ್ವ್ ಆದ ಮೇಲೂ ಮೂರು ಹೆಜ್ಜೆ ನೆಟ್ ಕಡೆ ಬರುತ್ತಿದ್ದಳು. ಅದನ್ನು ನೋಡಿಯೇ ಇವಳು ಡಬಲ್ಸ್ ಆಡುವವಳು ಅಂತ ಗೊತ್ತಾಯಿತು. ಅವಳ ಇಂಗ್ಲಿಷ್ ಕಮ್ಮಿ. ನಾನು ನನ್ನತ್ತ ಬೆರಳು ತೋರಿಸಿ, ಅವಳತ್ತ ತೋರಿಸಿ, "ಡಬಲ್ಸ್?" ಅಂದೆ. ತಕ್ಷಣ ರ‍್ಯಾಕೆಟ್ ಬ್ಯಾಗಿಗೆ ತುರುಕಿ ನನ್ನ ಜೊತೆ ಹೊರಟೇಬಿಟ್ಟಳು. ಕೂಡಿಸಿದರೆ ಮೊತ್ತ ಅಂಚಿನಲ್ಲಿತ್ತು. ಹೆಸರು ಬರೆದೆವು. ಸಂಜೆ ಡ್ರಾ ಹಾಕಿದಾಗ ನಮ್ಮ ಹೆಸರು ಇತ್ತು.

ಸೊಲ್ಲಾಪುರ ನನಗೆ ಪರ ಊರು ಅನ್ನಿಸಲೇ ಇಲ್ಲ. ರಾತ್ರಿ ಊಟಕ್ಕೆ ಹೋದ ಖಾನಾವಳಿಯಲ್ಲಿ ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದನ್ನು ಕೇಳಿ ಅಜ್ಜಿಯೊಬ್ಬರು, "ಯಾವೂರವ್ವಾ ನಿಂದು?" ಅಂದರು. ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ, ಮೇಲೆ ಮೊಸರು ಹಾಕಿದರು. ಥಾಯ್ ಹುಡುಗಿಗೆ ಆ ಚಟ್ನಿ ಎಷ್ಟು ಹಿಡಿಸಿತೆಂದರೆ ಒಂದು ಪೊಟ್ಟಣ ಕಟ್ಟಿಸಿಕೊಂಡಳು.

ಡಬಲ್ಸ್ ಆಡುವವರಿಗೆ ಈ ಜಿಲ್ಲೆ ಅಂದರೆ ಪ್ರಾರ್ಥನಾ ಠೋಂಬರೆ. ಬಾರ್ಶಿಯವರು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಕಂಚು ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲೂ ಅವರ ಜೊತೆಗೇ ಆಡಿದರು. ಸಾನಿಯಾ 2015ರಲ್ಲಿ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದವರು, ಅವರ ಹೆಸರು ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ನಿಂತವರ ಹೆಸರು ಎಷ್ಟು ಜನಕ್ಕೆ ಗೊತ್ತು? ಅಂಕಿತಾ ರೈನಾ ವರ್ಷಗಟ್ಟಲೆ ಇಂಥ ಟೂರ್ನಿಗಳಲ್ಲೇ ಆಡಿ, 28ನೇ ವಯಸ್ಸಿನಲ್ಲಿ, 2021ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್‌ನಲ್ಲಿ ಮೊದಲ ಸಲ ಗ್ರ್ಯಾಂಡ್ ಸ್ಲ್ಯಾಮ್ ಮುಖ್ಯ ಸುತ್ತಿಗೆ ಬಂದರು. ಸಿಂಗಲ್ಸ್ ಆಗದವರು ಡಬಲ್ಸ್ ಆಡ್ತಾರೆ ಅಂತ ಯಾರಾದರೂ ಅಂದರೆ ನನಗೆ ಈಗಲೂ ಕೋಪ ಬರುತ್ತದೆ. ನೆಟ್ ಮುಂದೆ ನಿಂತು, ಎದುರಿನವಳ ಭುಜ ತಿರುಗುವುದನ್ನು ನೋಡಿ, ಚೆಂಡು ಬರುವ ಮೊದಲೇ ಅಡ್ಡ ಹಾಯುವುದು ಬೇರೆಯದೇ ವಿದ್ಯೆ. ಅದನ್ನು ಕಲಿಯಲು ವರ್ಷಗಳು ಬೇಕು.

ಮರುದಿನ ನಮ್ಮ ಎದುರಾಳಿಗಳು ಸೀಡೆಡ್ ಜೋಡಿ, ಅಂದರೆ ರ‍್ಯಾಂಕಿಂಗ್‌ನಲ್ಲಿ ಮೇಲಿದ್ದವರು. ನೋಡಲು ಬೆರಳೆಣಿಕೆ ಜನ. ನಮಗಿದ್ದ ಭಾಷೆ ಎರಡೇ ಸನ್ನೆ. ನಾನು ಸರ್ವ್ ಮಾಡುವಾಗ ಅವಳು ನೆಟ್ ಹತ್ತಿರ ಬೆನ್ನ ಹಿಂದೆ ಕೈ ಇಟ್ಟು ಮುಷ್ಟಿ ಹಿಡಿದರೆ ಅಲ್ಲೇ ನಿಲ್ಲುತ್ತಾಳೆ, ಬಿಚ್ಚಿದರೆ ಅಡ್ಡ ಹಾಯುತ್ತಾಳೆ. ಮೊದಲ ಸೆಟ್ 4-6ರಲ್ಲಿ ಹೋಯಿತು. ಎರಡನೆಯದರಲ್ಲಿ 5-5, ಅವರ ಸರ್ವ್, 40-40, ಅಂದರೆ ಡ್ಯೂಸ್. ನಮ್ಮ ಡಬಲ್ಸ್‌ನಲ್ಲಿ ಅಡ್ವಾಂಟೇಜ್ ಇಲ್ಲ. ಡ್ಯೂಸ್ ಆದರೆ ಒಂದೇ ಪಾಯಿಂಟ್, ಗೆದ್ದವರಿಗೆ ಗೇಮ್. ಯಾವ ಕಡೆಯಿಂದ ರಿಸೀವ್ ಮಾಡಬೇಕು ಅನ್ನುವುದು ರಿಸೀವ್ ಮಾಡುವವರ ಆಯ್ಕೆ. ಅಂಪೈರ್ ನಮ್ಮ ಕಡೆ ನೋಡಿದರು. ನಾನು ಏನಾದರೂ ಹೇಳುವ ಮೊದಲೇ ಅವಳು ನನ್ನತ್ತ ಕೈ ತೋರಿಸಿದಳು.

ಎದುರು ನೆಟ್‌ನಲ್ಲಿದ್ದ ಎತ್ತರದ ಹುಡುಗಿ ಬೆಳಿಗ್ಗೆಯಿಂದ ನನ್ನ ಕ್ರಾಸ್ ಹೊಡೆತಗಳನ್ನೆಲ್ಲ ಕದಿಯುತ್ತಿದ್ದಳು. ಸರ್ವ್ ನನ್ನ ಫೋರ್‌ಹ್ಯಾಂಡ್ ಕಡೆ ಹೊರಕ್ಕೆ ಬಾಗಿ ಬಂತು. ನೆಟ್‌ನಲ್ಲಿದ್ದವಳ ಎಡ ಪಾದ ಅಲುಗಿದ್ದು ಕಂಡಿತು. ರ‍್ಯಾಕೆಟ್ ಮುಖ ಸ್ವಲ್ಪ ತೆರೆದು ಅವಳ ತಲೆ ಮೇಲೆ ಲಾಬ್ ಎತ್ತಿದೆ. ಸರ್ವ್ ಮಾಡಿದವಳು ಓಡಿ ಹೇಗೋ ವಾಪಸ್ ಹಾಕಿದಳು, ಚೆಂಡು ಕೋರ್ಟ್ ನಡುವೆ ಮೇಲಕ್ಕೆದ್ದಿತು. ನನ್ನ ಜೋಡಿ ಆಗಲೇ ಅದರ ಕೆಳಗೆ ನಿಂತಿದ್ದಳು. ಒಂದೇ ಏಟು. ಆ ಸೆಟ್ 7-5. ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ಗಳ ಸೂಪರ್ ಟೈಬ್ರೇಕ್. 10-8ರಲ್ಲಿ ಗೆದ್ದೆವು. ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರಲ್ಲಿ ಪುಣೆಯ ಋತುಜಾ ಭೋಸಲೆ ನಮ್ಮ ಕೊಡಗಿನ ರೋಹನ್ ಬೋಪಣ್ಣ ಜೊತೆ ಚಿನ್ನ ಗೆದ್ದಿದ್ದೂ ಮೊದಲ ಸೆಟ್ ಸೋತು, ಇಂಥದೇ ಟೈಬ್ರೇಕ್‌ನಲ್ಲಿ, 10-4ರಿಂದ. ಅದನ್ನು ಟಿವಿಯಲ್ಲಿ ನೋಡುವಾಗ ನನ್ನ ಕೈ ಬೆವೆತಿತ್ತು.

ಕ್ವಾರ್ಟರ್ ಫೈನಲ್‌ನಲ್ಲಿ ಸೋತೆವು. ನಾವು ಆಡುತ್ತಿದ್ದುದು ಒಟ್ಟು 25 ಸಾವಿರ ಡಾಲರ್ ಬಹುಮಾನದ ಟೂರ್ನಿ. ಡಬಲ್ಸ್ ಗೆದ್ದ ಜೋಡಿಗೆ ಅದರಲ್ಲಿ ಸಿಗುತ್ತಿದ್ದುದು 1,437 ಡಾಲರ್, ಅದೂ ಇಬ್ಬರಿಗೂ ಸೇರಿ. ಕ್ವಾರ್ಟರ್‌ನಲ್ಲಿ ಸೋತವರ ಪಾಲು ತೆರಿಗೆ ಹಿಡಿದ ಮೇಲೆ ಹೋಟೆಲ್ ಬಿಲ್ಲಿಗೂ ಸಾಲಲ್ಲ. ಗಳಿಸಿದ ರ‍್ಯಾಂಕಿಂಗ್ ಪಾಯಿಂಟ್ 52 ವಾರ ಇರುತ್ತದೆ, ಆಮೇಲೆ ಬಿದ್ದುಹೋಗುತ್ತದೆ. ಅಷ್ಟರಲ್ಲಿ ಬೇರೆ ಪಾಯಿಂಟ್ ತರಬೇಕು. ಅಪ್ಪ ಫೋನಿನಲ್ಲಿ, "ದುಡ್ಡಿನ ಯೋಚನೆ ನನಗೆ ಬಿಡು ಮಗಳೇ, ಮುಂದಿನ ವಾರ ಯಾರ ಜೊತೆ?" ಅಂದರು.

ಥಾಯ್ ಹುಡುಗಿಗೆ ಮುಂದಿನ ಟೂರ್ನಿಗೆ ನನಗಿಂತ ಒಳ್ಳೆಯ ರ‍್ಯಾಂಕ್ ಇರುವ ಜೋಡಿ ಸಿಕ್ಕಿತ್ತು. ಹೇಳಲು ಮುಜುಗರಪಡುತ್ತಾ ಬಂದಳು. ಹೋಗು, ಚೆನ್ನಾಗಿ ಆಡು ಅಂದೆ, ಮನಸ್ಸಾರೆ ಅಂದೆ. ರೂಮಿನಲ್ಲಿ ಜ್ವರ ಬಿಟ್ಟ ಗೆಳತಿ ಎದ್ದು ಕೂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು. "ನಡಿ, ಅರ್ಧ ಗಂಟೆ ವಾಲಿ ಹೊಡೆಯೋಣ" ಅಂದಳು. ನಾನು ಹೊಸ ಚೆಂಡಿನ ಡಬ್ಬಿ ತಗೊಂಡು ಹೊರಟೆ.