ಒಂದು ಗೇಣು ಉಣ್ಣೆ ಎಳಿ

ಶನಿವಾರ, ಭಾನುವಾರ ಪುಣೆಯ ಹಡಪಸರದಾಗ ಗ್ಲೈಡರ್, ಅಂದ್ರ ಎಂಜಿನ್ ಇಲ್ಲದ ವಿಮಾನ, ಹಾರಿಸೂದು ಕಲಿಯಾಕ ಹೋಗಿದ್ದೆ. ರಾತ್ರಿ ರೈಲಿಗೆ ಸೊಲ್ಲಾಪುರ, ಬೆಳಗ್ಗೆ ಎಸ್‌ಟಿ ಬಸ್ ಹಿಡಿದು ಅಕ್ಕಲಕೋಟೆ. ಮೂಗು ಪೂರಾ ಬಿಸಿಲಿಗೆ ಸುಟ್ಟೈತಿ.

ಹಾರಿದ್ದೆಷ್ಟು ಅಂತ ಕೇಳಬ್ಯಾಡ್ರಿ. ನಾಕು ಸಲ, ಎಲ್ಲಾ ಕೂಡಿ ಅರ್ಧ ತಾಸೂ ಆಗಂಗಿಲ್ಲ. ಉಳಿದಿದ್ದೆಲ್ಲ ರೆಕ್ಕಿ ತುದಿ ಹಿಡಕೊಂಡು ಓಡೂದು, ಇಳಿದ ಗ್ಲೈಡರ್ ದಬ್ಬಕೊಂಡು ತರೂದು. ಎಂಜಿನ್ ಇಲ್ಲಲ್ಲ, ದೂರದಾಗ ವಿಂಚ್ ಅನ್ನೂ ಯಂತ್ರ ಹಗ್ಗ ಸುತ್ತತೈತಿ, ಇದು ಗಾಳಿಪಟದಂಗ ಮೂಗೆತ್ತಿ ಏಳತೈತಿ. ಮ್ಯಾಲ ಹೋದಮ್ಯಾಲ ಹಳದಿ ಗುಂಡಿ ಎಳದ್ರ ಹಗ್ಗ ಬಿಡತೈತಿ. ಆಮ್ಯಾಲ ಗಾಳಿ ಸಪ್ಪಳ ಬಿಟ್ಟರ ಏನೂ ಇಲ್ಲ.

ಕಣ್ಣ ಮುಂದಿನ ಗಾಜಿನ ಮ್ಯಾಲ ಒಂದು ಗೇಣು ಉಣ್ಣೆ ಎಳಿ ಅಂಟಿಸಿರ್ತಾರ. ಅದು ನೆಟ್ಟಗಿದ್ದರ ಗ್ಲೈಡರ್ ಅಡ್ಡ ಜಾರಾಕತ್ತಿಲ್ಲ ಅಂತ ಅರ್ಥ. ಇಷ್ಟೆಲ್ಲ ಮೀಟರ್ ಇಟ್ಟು ಕಡೀಕ ನಂಬೂದು ಒಂದು ದಾರಾನ! ನಂದು ಪ್ರತಿ ತಿರುವಿನಾಗೂ ವಾಲಿದ್ದ ವಾಲಿದ್ದು. ಹಿಂದಿನ ಸೀಟಿನ ಗುರುಗಳು ಮರಾಠಿಯಾಗ "ಪಾಯ್, ಪಾಯ್", ಅಂದ್ರ ಕಾಲು, ಕಾಲು ಅಂತ ಒದರತಿದ್ರು. ಮೂಗು ಎಡಕ್ಕ ಬಲಕ್ಕ ತಿರುಗಿಸೂ ರಡ್ಡರ್ ಇರೂದು ಕಾಲಾಗ, ನಾ ಕೈಯಾಗ ಹುಡುಕತಿದ್ದೆ.

ಇವತ್ತು ಮಧ್ಯಾಹ್ನ ನಮ್ಮ ಹೊಲದ ಮ್ಯಾಲ ಹದ್ದೊಂದು ರೆಕ್ಕಿ ಬಡೀದನ ಸುತ್ತು ಹೊಡ್ಯಾಕತ್ತಿತ್ತು. ಕೆಳಗ ಎರಿ ಮಣ್ಣು ಕಾದು ಬಿಸಿಗಾಳಿ ಏಳತಿರಬೇಕು. ಇಷ್ಟು ವರ್ಷ ಹದ್ದು ಕಂಡರ ಕೋಳಿ ಮರಿ ಮುಚ್ಚೂದಷ್ಟ ಗೊತ್ತಿತ್ತು ನನಗ. ಎಷ್ಟೊತ್ತು ನಿಂತಿದ್ದೆನೋ, ಅವ್ವ ಬಾಗಿಲದಾಗ ನಿಂತು, "ಕುತಿಗಿ ಉಳುಕತೈತಿ, ಊಟಕ್ಕ ಬಾ" ಅಂದ್ಲು.