‘ಎನ್ನಲಾಗಿದೆ’ ಎಂದವರು ಯಾರು?

ದಿನಪತ್ರಿಕೆಯೊಂದರಲ್ಲಿ ಅಪರಾಧ ಸುದ್ದಿಗಳನ್ನು ತಿದ್ದುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎನ್ನಲಾಗಿದೆ’ ಎಂಬ ಸಾಲಿನ ಕೊನೆಯ ಪದವನ್ನು ಜಾಗ ಸಾಲದೆಂದು ನಾನು ಎಷ್ಟು ಬಾರಿ ಕತ್ತರಿಸಿದ್ದೇನೋ ಲೆಕ್ಕವಿಲ್ಲ. ಉಳಿಸಿದ್ದರೂ ಹೆಚ್ಚು ಪ್ರಯೋಜನವಿರಲಿಲ್ಲ ಎನ್ನಿ, ಹಾಗೆಂದವರು ಯಾರೆಂಬುದನ್ನು ಆ ಪದವೇ ಮುಚ್ಚಿಡುತ್ತದೆ.

ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂಬುದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇದೆ. ಆದರೆ ಆ ಹೇಳಿಕೆಯಿಂದ ಏನಾದರೂ ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದ ಭಾಗಕ್ಕೆ ಮಾತ್ರ ಬೆಲೆಯುಂಟು. ಈ ಕಿಂಡಿ ಹೇಗೆ ಬಳಕೆಯಾಗುತ್ತದೆಂದು ನನಗೆ ತಿಳಿದದ್ದು ಒಂದು ದರೋಡೆ ಪ್ರಕರಣದ ದೋಷಾರೋಪಪಟ್ಟಿಯನ್ನು ಓದುವಾಗ. ಮೂವರು ಆರೋಪಿಗಳ ‘ಸ್ವಇಚ್ಛಾ ಹೇಳಿಕೆ’ಗಳೂ ‘ನನ್ನ ಜೊತೆ ಬಂದಲ್ಲಿ ಸದರಿ ಸ್ಥಳವನ್ನು ತೋರಿಸಿಕೊಡುತ್ತೇನೆ’ ಎಂದೇ ಮುಗಿದಿದ್ದವು. ಅವರಲ್ಲೊಬ್ಬ ಹೆಬ್ಬೆಟ್ಟು ಒತ್ತಿದ್ದ. ಮಾತಿನ ನಡುವೆ ‘ಸದರಿ’ ಎನ್ನುವ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ.

ಪತ್ನಿಯನ್ನು ಕೊಂದ ಆರೋಪದಲ್ಲಿ ಜೈಲು ಕಂಡಿದ್ದ ಕೊಡಗಿನ ವ್ಯಕ್ತಿಯೊಬ್ಬರ ಪ್ರಕರಣದಲ್ಲಿ, 2025ರ ಏಪ್ರಿಲ್‌ನಲ್ಲಿ ಆ ಪತ್ನಿ ಜೀವಂತವಾಗಿ ಪತ್ತೆಯಾದಾಗ, ಇಂಥ ನಮ್ಮ ಹಳೆಯ ಸುದ್ದಿಗಳನ್ನು ಮತ್ತೆ ತೆರೆದು ನೋಡುವ ಧೈರ್ಯ ಕಚೇರಿಯಲ್ಲಿ ಯಾರಿಗೂ ಬರಲಿಲ್ಲ.

ಅನುಮಾನ ಒಂದೇ ಕಡೆಗೆ ವಾಲಿದಾಗಲೂ ಎಡವಿದ್ದೇವೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ, ಬೆನ್ನ ತುಂಬ ಬಾಸುಂಡೆಯೆದ್ದ ಯುವಕನ ಚಿತ್ರವನ್ನು ‘ಠಾಣೆಯಲ್ಲಿ ಚಿತ್ರಹಿಂಸೆ’ ಎಂದು ಮುಖಪುಟದಲ್ಲಿ ಹಾಕಿದೆವು. ಬಂಧನಕ್ಕೆ ಎರಡು ದಿನ ಮೊದಲೇ, ಬೇರೊಂದು ಹೊಡೆದಾಟದ ಗಾಯಕ್ಕೆ ಆತ ಚಿಕಿತ್ಸೆ ಪಡೆದಿದ್ದನೆಂದು ಆಸ್ಪತ್ರೆಯ ದಾಖಲೆ ಹೇಳಿತು. ಒಳಪುಟದಲ್ಲಿ ನಾಲ್ಕು ಸಾಲಿನ ವಿಷಾದ ಪ್ರಕಟಿಸಿ ಕೈತೊಳೆದುಕೊಂಡೆವು. ಅದಕ್ಕಿಂತ ದೊಡ್ಡ ತಪ್ಪು ಆಮೇಲಿನದು: ಆ ಮುಜುಗರದ ನೆನಪಿನಲ್ಲಿ, ಕೆಲವು ತಿಂಗಳ ನಂತರ ಬಂದ ಇಂಥದೇ ದೂರನ್ನು ನಾನು ಬದಿಗಿಟ್ಟು, ‘ಓಡುವಾಗ ಬಿದ್ದು ಗಾಯ’ ಎಂಬ ಠಾಣೆಯ ವಿವರಣೆಯನ್ನಷ್ಟೇ ಅಚ್ಚಿಗೆ ಕಳುಹಿಸಿದೆ. ಮ್ಯಾಜಿಸ್ಟ್ರೇಟರ ಆದೇಶದಂತೆ ನಡೆದ ವೈದ್ಯಕೀಯ ಪರೀಕ್ಷೆಯ ವರದಿಯಲ್ಲಿ ಎರಡೂ ಅಂಗಾಲುಗಳಲ್ಲಿ ಬಾವು, ರಕ್ತ ಹೆಪ್ಪುಗಟ್ಟಿದ ಗುರುತು ಎಂದಿತ್ತು. ಓಡುವಾಗ ಬಿದ್ದವನ ಮೊಣಕಾಲು ತರಚುತ್ತದೆ.

ಅಂದಿನಿಂದ ತಪ್ಪೊಪ್ಪಿಗೆಯಿರಲಿ, ಚಿತ್ರಹಿಂಸೆಯ ದೂರಿರಲಿ, ಎರಡೂ ಬಗೆಯ ಸುದ್ದಿಗೆ ನಾನು ಮೊದಲು ಕೇಳುವುದು ಗಂಟೆಯ ಲೆಕ್ಕವನ್ನು. ಪೊಲೀಸ್ ವಶದಲ್ಲಿನ ಸಾವು, ಚಿತ್ರಹಿಂಸೆ ಕುರಿತ ಡಿ.ಕೆ. ಬಸು ಪ್ರಕರಣದ 1996ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬಂಧನದ ದಿನಾಂಕ ಮತ್ತು ಸಮಯವನ್ನು ಸಾಕ್ಷಿಯ ಸಹಿಯೊಡನೆ ಬರೆದಿಡಬೇಕು, ಬಂಧಿತ ಕೋರಿದರೆ ಮೈಮೇಲಿನ ಗಾಯಗಳನ್ನು ದಾಖಲಿಸಬೇಕು, 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು ಎಂದಿತು. 2020ರ ಡಿಸೆಂಬರ್‌ನಲ್ಲಿ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕೆಂದಿತು. ಹೀಗಾಗಿ ವರದಿಗಾರ ಕೇಳಬಹುದಾದ ಕಾಗದಗಳು ಇವೆ, ನಾವು ಕೇಳುತ್ತಿರಲಿಲ್ಲ ಅಷ್ಟೆ. ಕಾಗದವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: ಆರೋಪಿಯನ್ನು ವಶಕ್ಕೊಪ್ಪಿಸುವ ಮ್ಯಾಜಿಸ್ಟ್ರೇಟರ ರಿಮ್ಯಾಂಡ್ ಆದೇಶದಲ್ಲಿ ‘ದೂರಿಲ್ಲ’ ಎಂದಿದ್ದರೆ, ಹಾಗೆ ಹೇಳುವಾಗ ಆರೋಪಿಯ ಪಕ್ಕದಲ್ಲಿ ನಿಂತಿದ್ದವರು ಯಾರೆಂದೂ ವಿಚಾರಿಸಬೇಕಾಗುತ್ತದೆ.

ಕಳೆದ ವಾರ ರಾತ್ರಿ ಹತ್ತಕ್ಕೆ ನಮ್ಮ ವರದಿಗಾರ ಫೋನ್ ಮಾಡಿ, ‘ಸಾರ್, ಆರೋಪಿ ಬಾಯಿಬಿಟ್ಟಿದ್ದಾನೆ’ ಎಂದ. ಯಾರ ಮುಂದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್‌ಸ್ಪೆಕ್ಟರ್ ಹೇಳಿದ್ರು’ ಎಂದ. ತಲೆಬರಹದಲ್ಲಿ ಅದನ್ನೇ ಹಾಕಿದೆವು: ‘ತಪ್ಪೊಪ್ಪಿಗೆ: ಇನ್‌ಸ್ಪೆಕ್ಟರ್ ಹೇಳಿಕೆ’.