ಕೋಟಿನ ಕಂಕುಳು ಮೂಸುವ ಕೆಲಸ

ಕೋಟಿನ ಕಂಕುಳು ಮೂಸಿ ನೋಡುವುದೂ ಸಂಬಳದ ಕೆಲಸವೇ ಅಂತ ಆ ಅಂಗಡಿಗೆ ಸೇರುವ ತನಕ ನನಗೆ ಗೊತ್ತಿರಲಿಲ್ಲ. ದೊಡ್ಡ ಅಂಗಡಿ, ಬಟ್ಟೆಯಿಂದ ಹಿಡಿದು ಮಿಕ್ಸರ್‌ವರೆಗೆ ಎಲ್ಲ ಸಿಗುವಂಥದ್ದು. ಮೂರು ವರ್ಷ ಅದರ ರಿಟರ್ನ್ ಕೌಂಟರಿನಲ್ಲಿ ನಿಂತಿದ್ದೆ. ಹೊಸ ಬಟ್ಟೆಗೆ ಅದರದೇ ಒಂದು ವಾಸನೆ ಇರುತ್ತದೆ. ಗಂಜಿಯದೋ, ಬಣ್ಣದ್ದೋ, ಗೋದಾಮಿನದೋ. ಯಾರಾದರೂ ಒಂದೇ ಒಂದು ಸಂಜೆ ಹಾಕಿಕೊಂಡು ಓಡಾಡಿದರೆ ಸಾಕು, ಅದು ಹೋಗಿಬಿಡುತ್ತದೆ. ಆ ಜಾಗಕ್ಕೆ ಸೆಂಟು, ಬೆವರು, ಸಿಗರೇಟಿನ ಹೊಗೆ ಬಂದು ಕೂರುತ್ತವೆ. ಕಾಲರಿನ ಒಳಮಡಿಕೆಯಲ್ಲಿ ಮೇಕಪ್ಪಿನ ತೆಳು ಗೆರೆ. ಟ್ಯಾಗ್ ಮಾತ್ರ ಹೊಚ್ಚ ಹೊಸದು. ಅದನ್ನು ತೋಳಿನೊಳಗೆ ತೂರಿಸಿ ಪಿನ್ ಚುಚ್ಚಿದ ಎರಡು ಸಣ್ಣ ತೂತು ಬಿಟ್ಟರೆ.

"ಹಾಕೇ ಇಲ್ಲ, ಸೈಜ್ ಸರಿ ಆಗ್ಲಿಲ್ಲ" ಅನ್ನುತ್ತಿದ್ದರು. ನಾನು "ಆಯ್ತು" ಅಂದು ದುಡ್ಡು ವಾಪಸ್ ಕೊಡುತ್ತಿದ್ದೆ. ಅದು ಅಂಗಡಿಯ ನಿಯಮ. ಪ್ರಶ್ನೆ ಕೇಳಬಾರದು, ಮುಖ ಸಿಂಡರಿಸಬಾರದು. ಹಾಗಾದರೆ ಮೂಸುವುದು ಯಾಕೆ ಅಂತೀರಾ? ಗಿರಾಕಿ ಹೋದ ಮೇಲೆ ಆ ಬಟ್ಟೆಯನ್ನು ಯಾವ ಬುಟ್ಟಿಗೆ ಹಾಕಬೇಕು ಅಂತ ನಿರ್ಧರಿಸಲು. ಒಂದು ಬುಟ್ಟಿ ಮತ್ತೆ ಅಂಗಡಿಯ ಹ್ಯಾಂಗರಿಗೆ ಹೋಗುತ್ತಿತ್ತು. ಇನ್ನೊಂದು ಲಾಟಿಗೆ, ಅಂದರೆ ಒಟ್ಟಿಗೇ ಹರಾಜು ಹಾಕುವ ಪೆಟ್ಟಿಗೆಗೆ. ಕಂಪ್ಯೂಟರಿನಲ್ಲಿ ವಾಪಸ್ ಬಂದ ಕಾರಣವನ್ನೂ ಒತ್ತಬೇಕಿತ್ತು: ಸೈಜ್ ಸರಿಯಿಲ್ಲ, ಇಷ್ಟವಾಗಲಿಲ್ಲ, ದೋಷವಿದೆ, ಇತರೆ. 'ಹಾಕಿಕೊಂಡು ಮೆರೆದು ತಂದುಕೊಟ್ಟರು' ಅಂತ ಒಂದು ಬಟನ್ ಇರಲಿಲ್ಲ.

ಇಂಥವರಿಗೆ ನಾವು 'ಬಾಡಿಗೆ ಗಿರಾಕಿ' ಅಂತ ಹೆಸರಿಟ್ಟಿದ್ದೆವು. ದೊಡ್ಡ ಪಂದ್ಯದ ಫೈನಲ್ ಮುಗಿದ ಮರುದಿನ ಟಿವಿಗಳು ಸಾಲಾಗಿ ಬರುತ್ತಿದ್ದವು. ರಜೆ ಮುಗಿದ ವಾರ ಸೂಟ್‌ಕೇಸ್‌ಗಳು. ಒಂದರ ಹಿಡಿಕೆಯಲ್ಲಿ ವಿಮಾನದವರು ಅಂಟಿಸಿದ ಪಟ್ಟಿಯ ಚೂರು ಇನ್ನೂ ಇತ್ತು. "ಮನೆಯಿಂದ ಹೊರಗೇ ತೆಗೆದಿಲ್ಲ" ಅಂದರು ಆ ಯಜಮಾನರು. ನಾನು ಆ ಚೂರು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಇಬ್ಬರೂ ಸುಮ್ನೆ ಇದ್ದೆವು.

ಇವರಿಗಿಂತ ಪಕ್ಕಾ ಇದ್ದವರು ಡಬ್ಬಿಯವರು. ಹೊಸ ಮಾಡೆಲ್ ಕೊಂಡು, ಅದರ ಡಬ್ಬಿಯೊಳಗೆ ಮನೆಯ ಹಳೇ ಕೆಟ್ಟ ಮಾಲು ಇಟ್ಟು, ಟೇಪ್ ಹಚ್ಚಿ ತರುವವರು. ಅದಕ್ಕೇ ಸೀರಿಯಲ್ ನಂಬರ್ ತಾಳೆ ನೋಡದೆ ದುಡ್ಡು ಕೊಡುವಂತಿರಲಿಲ್ಲ. ಹೇರ್ ಡ್ರೈಯರ್ ಡಬ್ಬಿ ಎತ್ತಿದ ಕೂಡಲೇ ಇದು ಡ್ರೈಯರ್ ತೂಕ ಅಲ್ಲ ಅಂತ ಕೈಗೆ ಗೊತ್ತಾಗುವ ಮಟ್ಟಕ್ಕೆ ಬಂದಿದ್ದೆ.

ಮೊದಲ ತಿಂಗಳು ನನಗೆ ಮೈಯೆಲ್ಲ ಉರಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರಲ್ಲ, ನಮ್ಮ ಕಂಪನಿಯೇ ಆ ಕೋಡಂಗಿ ಅಂದುಕೊಂಡಿದ್ದೆ. ಒಂದು ದಿನ ಸೂಪರ್‌ವೈಸರ್ ಹತ್ತಿರ ಗೊಣಗಿದೆ. ಅವರು ಆ ಕೌಂಟರಿನಲ್ಲೇ ತಲೆ ನರೆಸಿಕೊಂಡವರು. ಬಿಲ್ಲಿಂಗ್ ಕಡೆ ಕೈ ತೋರಿಸಿ "ಅಲ್ಲಿ ಎಷ್ಟು ಕೌಂಟರ್ ಇದೆ ಎಣಿಸು" ಅಂದರು. ಹದಿನಾರು ಇತ್ತು. "ಇಲ್ಲಿ?" ಒಂದು. "ಆಯ್ತಲ್ಲ, ಲೆಕ್ಕ ಮುಗೀತು" ಅಂತ ಟೀ ಕುಡಿಯಲು ಹೋದರು.

ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ, ಆದರೆ ಶುರುವಾಗುವುದು ಅಲ್ಲಿಂದಲೇ. 'ಇಷ್ಟವಾಗದಿದ್ದರೆ ವಾಪಸ್ ಕೊಡಿ' ಎಂಬ ದೊಡ್ಡ ಬೋರ್ಡ್ ನಮ್ಮ ಅಂಗಡಿಯಲ್ಲಿ ಎಲ್ಲಿತ್ತು ಗೊತ್ತಾ? ರಿಟರ್ನ್ ಕೌಂಟರಿನ ಮೇಲೆ ಅಲ್ಲ. ಬಾಗಿಲ ಹತ್ತಿರ, ಟ್ರಯಲ್ ರೂಮಿನ ಕನ್ನಡಿ ಪಕ್ಕ. ಆ ಮಾತಿನ ಕೆಲಸ ಇರುವುದು ಕೊಳ್ಳುವ ಹೊತ್ತಿನಲ್ಲಿ. ತಗೊಳ್ಳಲೋ ಬೇಡವೋ ಅಂತ ನಿಂತವರು 'ನೋಡೋಣ, ಆಗದಿದ್ರೆ ವಾಪಸ್ ಕೊಟ್ರಾಯ್ತು' ಅಂದುಕೊಂಡು ಬಿಲ್ ಮಾಡಿಸುತ್ತಾರೆ. ಆಮೇಲೆ ಅದರಲ್ಲಿ ಹೆಚ್ಚಿನವರು ವಾಪಸ್ ಕೊಡುವುದೇ ಇಲ್ಲ. ಸೋಮಾರಿತನ, ಮರೆವು, ಬಿಲ್ ಕಳೆದಿರುವುದು. ಎಲ್ಲಕ್ಕಿಂತ ಜಾಸ್ತಿ, ಸಂಕೋಚ.

ಈ ಸಂಕೋಚದ ಬಗ್ಗೆ ಅಂಗಡಿ ಲೆಕ್ಕದ ಯಾವ ಪುಸ್ತಕದಲ್ಲೂ ಒಂದು ಸಾಲು ಇರಲಿಕ್ಕಿಲ್ಲ. ನನ್ನ ಕಣ್ಣಿಗೆ ಮಾತ್ರ ದೊಡ್ಡ ಬಂಡವಾಳ ಅದೇ. ಎರಡೇ ದಿನಕ್ಕೆ ಸೋರಲು ಶುರುವಾದ ಕೆಟಲ್ ತಂದು "ತಪ್ಪು ನಂದೇ ಇರಬಹುದು, ತೊಂದ್ರೆ ಕೊಡ್ತಾ ಇದೀನಿ" ಅಂತ ನನ್ನ ಹತ್ತಿರ ಕ್ಷಮೆ ಕೇಳಿದವರಿದ್ದಾರೆ. ಕೌಂಟರಿನವರೆಗೆ ಬಂದು, ಸಾಲು ನೋಡಿ, ಚೀಲ ಎದೆಗೆ ಅವಚಿಕೊಂಡು ಹಾಗೇ ಹಿಂದೆ ತಿರುಗಿದವರನ್ನೂ ನೋಡಿದ್ದೇನೆ. ಬಾಡಿಗೆ ಗಿರಾಕಿಯ ಕೋಟಿನ ನಷ್ಟ ತುಂಬುತ್ತಿದ್ದವರು ಇವರು. ಕಂಪನಿ ಅಲ್ಲ.

ವಾಪಸಾತಿಗೆ ಜಾಸ್ತಿ ದಿನ ಕೊಟ್ಟಷ್ಟೂ ಜಾಸ್ತಿ ಮಾಲು ವಾಪಸ್ ಬರುತ್ತದೆ ಅಂತ ನಾನು ನಂಬಿದ್ದೆ. ಉಲ್ಟಾ. ಹಳೆಯ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಸಂಶೋಧನೆ 2016ರಲ್ಲಿ ಬಂತು. ದಿನ ಜಾಸ್ತಿ ಕೊಟ್ಟರೆ ವಾಪಸಾತಿ ಕಡಿಮೆಯಾಗುತ್ತದೆ ಎಂದಿತು ಅದು. ಯೋಚಿಸಿದರೆ ಸರಿಯೇ. ಹದಿನೈದೇ ದಿನ ಅಂದರೆ ಬಿಲ್ಲನ್ನು ಕಣ್ಣೆದುರು ಸಿಕ್ಕಿಸಿಟ್ಟು ದಿನ ಎಣಿಸುತ್ತೇವೆ. ಒಂದು ವರ್ಷ ಅಂದರೆ, ಇನ್ನೂ ಟೈಮ್ ಇದೆ ಬಿಡು ಅಂತ ಬೀರುವಿನಲ್ಲಿ ಇಡುತ್ತೇವೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದು ನಮ್ಮದೇ ವಸ್ತು ಅನ್ನಿಸಿಬಿಡುತ್ತದೆ. ಯಾವತ್ತೋ ಟ್ಯಾಗ್ ಕತ್ತರಿಸಿರುತ್ತೇವೆ, ಯಾವತ್ತು ಅಂತ ನೆನಪಿರುವುದಿಲ್ಲ.

ಇನ್ನು ವಾಪಸ್ ಬಂದ ಮಾಲಿನ ಕಥೆ. ಕೆಲವು ಕಂಪನಿಗಳ ಜೊತೆ ಮೊದಲೇ ಒಪ್ಪಂದ ಇರುತ್ತದೆ, ಕೆಟ್ಟ ಮಾಲಿನ ಹೊರೆ ತಯಾರಿಸಿದವರೇ ಹೊರಬೇಕು. ಹಾಗಾಗಿ 'ದೋಷವಿದೆ' ಅಂತ ಒತ್ತಿದರೆ ಆ ಖರ್ಚು ನಮ್ಮ ಅಂಗಡಿಯ ತಲೆಗೆ ಬರುತ್ತಿರಲಿಲ್ಲ. ಯಾವ ಬಟನ್ ಒತ್ತುತ್ತೇವೆ ಅನ್ನುವುದರಲ್ಲಿ ಮೇಲಿನವರಿಗೆ ಅಷ್ಟು ಆಸಕ್ತಿ ಯಾಕೆ ಅಂತ ನನಗೆ ತಡವಾಗಿ ಹೊಳೆಯಿತು. ಉಳಿದದ್ದು ಲಾಟ್. ದೊಡ್ಡ ಪೆಟ್ಟಿಗೆ, ಒಳಗೆ ಏನಿದೆಯೋ ಪೂರ್ತಿ ತೆಗೆದು ನೋಡುವಂತಿಲ್ಲ, ಒಟ್ಟಿಗೇ ಹರಾಜು. ಕೊಂಡವರು ಅದರಲ್ಲಿ ಚೆನ್ನಾಗಿರುವುದನ್ನು ಆರಿಸಿ ಒರೆಸಿ ಮಾರುತ್ತಾರೆ. ಉಳಿದ ನಷ್ಟ ಮಾಲಿನ ಬೆಲೆಯೊಳಗೇ ಕೂತಿರುತ್ತದೆ, ಬಾಗಿಲ ಬೀಗಕ್ಕೂ ಲೈಟಿಗೂ ಆದ ಖರ್ಚು ಕೂತಿರುವ ಹಾಗೆ.

ಮೊತ್ತ ಸಣ್ಣದಲ್ಲ. ಅಮೆರಿಕದ ಅಂಗಡಿಗಳ ಒಕ್ಕೂಟ ನ್ಯಾಷನಲ್ ರಿಟೇಲ್ ಫೆಡರೇಷನ್ 2023ಕ್ಕೆ ಹಾಕಿದ ಅಂದಾಜಿನ ಪ್ರಕಾರ, 100 ಡಾಲರ್ ಮಾರಾಟವಾದರೆ 14.50 ಡಾಲರಿನ ಮಾಲು ವಾಪಸ್ ಬಂತು. ವಾಪಸ್ ಬಂದ ಪ್ರತಿ 100 ಡಾಲರಿನಲ್ಲಿ 13.70 ಡಾಲರ್ ಮೋಸಕ್ಕೆ ಹೋಯಿತು. ಅಂಗಡಿಯವರೇ ಹೇಳಿದ ಲೆಕ್ಕ, ಸ್ವಲ್ಪ ಉಪ್ಪುಖಾರ ಇದ್ದೀತು. ಆದರೂ ಅದನ್ನೇ ತಿರುಗಿಸಿ ಓದಿ: ಎಲ್ಲರೂ ಒಂದೇ ಬೆಲೆಯ ಮಾಲು ತಂದರು ಅಂದುಕೊಂಡರೆ, ವಾಪಸ್ ತರುವ ಏಳು ಜನರಲ್ಲಿ ಸುಮಾರು ಆರು ಜನ ನೆಟ್ಟಗಿದ್ದಾರೆ. ಕೌಂಟರಿನಲ್ಲಿ ನಿಂತರೆ ಮಾತ್ರ ಆ ಏಳನೆಯವನೇ ಎಲ್ಲೆಲ್ಲೂ ಕಾಣುತ್ತಾನೆ.

ಏಳನೆಯವನು ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಎಲ್.ಎಲ್. ಬೀನ್ ಕಥೆ ನೋಡಬೇಕು. 1912ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಲಿಯಾನ್ ಲಿಯಾನ್‌ವುಡ್ ಬೀನ್ ಎಂಬಾತ ಕೆಳಗೆ ರಬ್ಬರ್, ಮೇಲೆ ಚರ್ಮ ಇರುವ ಬೂಟು ಮಾಡಿ ಮಾರಿದ. ಮೊದಲ 100 ಜೊತೆಯಲ್ಲಿ 90 ವಾಪಸ್ ಬಂದವು, ರಬ್ಬರೂ ಚರ್ಮವೂ ಬೇರೆಯಾಗಿ ಕಿತ್ತು ಬಂದಿದ್ದವು. ಆತ ಎಲ್ಲರ ದುಡ್ಡೂ ವಾಪಸ್ ಕೊಟ್ಟ, ಸಾಲ ಮಾಡಿ ಬೂಟು ಸರಿಪಡಿಸಿದ, ಮತ್ತೆ ಮಾರಿದ. ಕಂಪನಿ ಬೆಳೆದದ್ದೇ ಆ ಹೆಸರಿನ ಮೇಲೆ: ಯಾವಾಗ ಬೇಕಾದರೂ ತನ್ನಿ, ತಗೊಳ್ಳುತ್ತೇವೆ. ನೂರಕ್ಕೂ ಹೆಚ್ಚು ವರ್ಷ ಆ ಮಾತು ನಡೆಯಿತು. ಕೊನೆಗೆ ಜನ ಹಳೇ ಸಾಮಾನಿನ ಅಂಗಡಿಯಲ್ಲಿ ಬೀನ್ ಕಂಪನಿಯ ಸವೆದ ಮಾಲು ಹುಡುಕಿ ಕೊಂಡು, ಅದನ್ನೇ ತಂದುಕೊಟ್ಟು ಹೊಸದು ಕೇಳತೊಡಗಿದರು. ತಾವು ಕೊಳ್ಳದೇ ಇದ್ದದ್ದನ್ನು ವಾಪಸ್ ಕೊಡುವುದು! ಬರೀ ಬಿಸಾಡಲು ಲಾಯಕ್ಕಾದ ಮಾಲಿನ ವಾಪಸಾತಿಯಿಂದಲೇ ಐದು ವರ್ಷದಲ್ಲಿ 25 ಕೋಟಿ ಡಾಲರ್ ಹೋಯಿತು ಅಂತ ಕಂಪನಿ ಹೇಳಿತು. 2018ರ ಫೆಬ್ರವರಿಯಲ್ಲಿ ನಿಯಮ ಬದಲಾಯಿತು. ಒಂದು ವರ್ಷ, ಜೊತೆಗೆ ಕೊಂಡದ್ದಕ್ಕೆ ಪುರಾವೆ.

ಚಾರಣದ ಸಾಮಾನು ಮಾರುವ ಆರ್‌ಇಐ 2013ರಲ್ಲೇ ಈ ಕೆಲಸ ಮಾಡಿತ್ತು. ಆ ಹೆಸರಿನ ಅಕ್ಷರಗಳನ್ನೇ ಹಿಡಿದು ಜನ ಅದನ್ನು ತಮಾಷೆಗೆ 'ರೆಂಟಲ್ ಎಕ್ವಿಪ್‌ಮೆಂಟ್ ಇಂಕ್', ಅಂದರೆ 'ಬಾಡಿಗೆ ಸಾಮಾನಿನ ಕಂಪನಿ' ಅನ್ನುತ್ತಿದ್ದರಂತೆ. ಬಾಡಿಗೆ ಅನ್ನುವ ಪದ ನಮ್ಮ ಕೌಂಟರಿನಲ್ಲಿ ಮಾತ್ರ ಹುಟ್ಟಿದ್ದಲ್ಲ ಅಂತ ಓದಿ ಖುಷಿಯಾಯಿತು.

ಅಮೆರಿಕದ ದೊಡ್ಡ ಸಗಟು ಅಂಗಡಿ ಕಾಸ್ಟ್ಕೊ ಮಾತ್ರ ಬಹುತೇಕ ಮಾಲಿಗೆ ಇವತ್ತಿಗೂ ದಿನದ ಗಡಿ ಹಾಕಿಲ್ಲ. ಟಿವಿ, ಕಂಪ್ಯೂಟರ್‌ಗಳಂಥದ್ದಕ್ಕೆ 90 ದಿನ, ಅದೂ 2007ರಲ್ಲಿ ಕೈಸುಟ್ಟುಕೊಂಡ ಮೇಲೆ. ಅಲ್ಲಿ ಕೊಳ್ಳಬೇಕಾದರೆ ವರ್ಷವರ್ಷ ಸದಸ್ಯತ್ವದ ಶುಲ್ಕ ಕಟ್ಟಬೇಕು, ಆ ಕಂಪನಿಯ ಲಾಭದಲ್ಲಿ ದೊಡ್ಡ ಪಾಲು ಅದೇ. ಯಾರು ಏನು ಕೊಂಡರು, ಏನು ವಾಪಸ್ ತಂದರು ಎಲ್ಲ ಕಾರ್ಡಿನಲ್ಲಿದೆ. ಮಿತಿ ಮೀರಿದರೆ ಸದಸ್ಯತ್ವ ರದ್ದು. ಬಾಗಿಲಲ್ಲಿ ಹೆಸರು ಕೇಳಿ ಒಳಗೆ ಬಿಡುವ ಮನೆಯಲ್ಲಿ ಧಾರಾಳವಾಗಿರುವುದು ಸುಲಭ.

ಬೇರೆಯವರು ಬೇರೆ ಬೇರೆ ಆಟ ಹೂಡಿದ್ದಾರೆ. ಅಮೆರಿಕದ ದುಬಾರಿ ಅಂಗಡಿ ಬ್ಲೂಮಿಂಗ್‌ಡೇಲ್ಸ್ 2013ರಲ್ಲಿ ದುಬಾರಿ ಉಡುಪುಗಳಿಗೆ ಎದ್ದು ಕಾಣುವ ಜಾಗದಲ್ಲಿ ದೊಡ್ಡ ಪ್ಲಾಸ್ಟಿಕ್ ಟ್ಯಾಗ್ ಹಾಕಿತು. ತೆಗೆದರೆ ವಾಪಸಾತಿ ಇಲ್ಲ, ತೆಗೆಯದೆ ಪಾರ್ಟಿಗೆ ಹೋಗುವಂತಿಲ್ಲ. ಪಿನ್ ಚುಚ್ಚುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ನಾನು ಕಂಡಿಲ್ಲ. ಆನ್‌ಲೈನಿನಲ್ಲಿ ಒಂದೇ ಶರ್ಟನ್ನು ಮೂರು ಸೈಜಿನಲ್ಲಿ ತರಿಸಿ ಎರಡನ್ನು ವಾಪಸ್ ಕಳಿಸುವವರಿಗಾಗಿ ಜಾರಾ 2022ರಲ್ಲಿ ಬ್ರಿಟನ್ನಿನಲ್ಲಿ ಸಣ್ಣ ಶುಲ್ಕ ಹಾಕಿತು. ಆದರೆ ಈ ಮೂರು ಸೈಜಿನವರನ್ನು ನಾನು ಕಳ್ಳರ ಸಾಲಿಗೆ ಸೇರಿಸಲಾರೆ. ಒಂದು ಕಂಪನಿಯ ಎಂ ಇನ್ನೊಂದರ ಎಲ್ ಆಗಿದ್ದರೆ ಅವರಾದರೂ ಏನು ಮಾಡಬೇಕು?

ನಮ್ಮ ಅಂಗಡಿಗೂ ಕೊನೆಯ ವರ್ಷ ಒಂದು ಯಂತ್ರ ಬಂತು. ಯಾರು ಎಷ್ಟು ಸಲ ವಾಪಸ್ ಕೊಟ್ಟಿದ್ದಾರೆ ಅಂತ ಎಣಿಸಿ, ಹೆಸರಿನ ಮೇಲೆ ಹಳದಿ ಗೆರೆ ಎಳೆಯುತ್ತಿತ್ತು. ಗೆರೆ ಬಿದ್ದರೆ ನಾನು 'ಸಾರಿ, ಆಗಲ್ಲ' ಅನ್ನಬೇಕು. ಮೊದಲ ವಾರವೇ ಸಿಕ್ಕಿಬಿದ್ದದ್ದು ಯಾರು ಅಂತೀರಿ? ಒಬ್ಬ ಅಮ್ಮ, ಅರವತ್ತರ ಆಸುಪಾಸು. ಹಾಸಿಗೆ ಹಿಡಿದ ಅವರ ಗಂಡನನ್ನು ಅಂಗಡಿಗೆ ಕರೆತರಲು ಆಗುತ್ತಿರಲಿಲ್ಲ. ಹಾಗಾಗಿ ಮೂರು ನೈಟ್ ಡ್ರೆಸ್ ಒಯ್ದು, ಮನೆಯಲ್ಲಿ ಹಾಕಿಸಿ ನೋಡಿ, ಎರಡು ವಾಪಸ್ ತರುತ್ತಿದ್ದರು. ಗಂಡನ ತೂಕ ಇಳಿಯುತ್ತಲೇ ಇತ್ತಂತೆ, ಹಾಗಾಗಿ ಪ್ರತಿ ಎರಡು ತಿಂಗಳಿಗೆ ಹೊಸ ಸೈಜು. ಟ್ಯಾಗು, ಬಿಲ್ಲು, ಮಡಿಕೆ ಎಲ್ಲ ಅಚ್ಚುಕಟ್ಟು. ನಾನು 'ಆಗಲ್ಲಮ್ಮ' ಅಂದೆ. ಅವರು ವಾದ ಮಾಡಲಿಲ್ಲ, ಮುಖ ಕೆಂಪಾಯಿತು, ಸಾಲಿನಲ್ಲಿ ಹಿಂದೆ ನಿಂತವರ ಕಡೆ ಒಮ್ಮೆ ನೋಡಿ ಹೊರಟುಹೋದರು. ಆಮೇಲೆ ಬರಲೇ ಇಲ್ಲ. ವಿಮಾನದ ಪಟ್ಟಿಯ ಯಜಮಾನರು ಅದೇ ತಿಂಗಳು ಬಂದಿದ್ದರು, ಈ ಸಲ ಬಾಮೈದನ ಕಾರ್ಡಿನೊಂದಿಗೆ. ಗೆರೆ ಬೀಳಲಿಲ್ಲ.

ಕೆಲಸ ಬಿಡುವ ಮುಂಚಿನ ವಾರ ಒಬ್ಬ ಹುಡುಗ ಕಪ್ಪು ಕೋಟು ತಂದ. ಇಪ್ಪತ್ತು ವರ್ಷ ಇರಬಹುದು. "ಸೈಜ್ ಸರಿ ಇಲ್ಲ" ಅಂದ. ಅಭ್ಯಾಸಬಲದಿಂದ ಜೇಬುಗಳಿಗೆ ಕೈ ಹಾಕಿದೆ. ಒಳಜೇಬಿನಲ್ಲಿ ಮಡಿಸಿದ ದಪ್ಪ ಕಾಗದ. ಬಿಡಿಸಿದರೆ ವಯಸ್ಸಾದವರೊಬ್ಬರ ಫೋಟೊ, ಕೆಳಗೆ ಎರಡು ತಾರೀಕು. ಎರಡನೆಯದು ಹಿಂದಿನ ಶನಿವಾರದ್ದು. ಹುಡುಗ ಕೈ ಚಾಚಿದ. "ಅದು ನಂದು" ಅಂದ. ಕೊಟ್ಟೆ. ಅವನು ಅದನ್ನು ಮತ್ತೆ ಅದೇ ಮಡಿಕೆಗೆ ಮಡಿಸಿ ಪರ್ಸಿನಲ್ಲಿ ಇಟ್ಟುಕೊಳ್ಳುವವರೆಗೆ ನಾನು ಪರದೆ ನೋಡುತ್ತಿದ್ದೆ.

ಕೋಟು ಮೂಸಲಿಲ್ಲ. ದುಡ್ಡು ಎಣಿಸಿ ಕೊಟ್ಟು, ಕಾರಣದ ಜಾಗದಲ್ಲಿ 'ಸೈಜ್ ಸರಿಯಿಲ್ಲ' ಒತ್ತಿದೆ.